ವರ್ಷಕ್ಕೊಂದು ಪದ ಆರಿಸಿ, ಅದನ್ನು ಹಬ್ಬಗಳ ಜೊತೆ ಉಳಿಸಿಕೊಳ್ಳುವುದು ಹೇಗೆ? ಸಂಕ್ರಾಂತಿಯಿಂದ ಯುಗಾದಿವರೆಗೆ ಹಂತ ಹಂತವಾಗಿ

ಜನವರಿ 1ಕ್ಕೆ, ಈ ವರ್ಷ ಹೀಗಿರಬೇಕು ಅಂತ ನಮಗೆ ನಾವೇ ನೆನಪಿಸಿಕೊಳ್ಳಲು ಒಂದು ಪದ ಆರಿಸಿ, ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ, ಶಿವರಾತ್ರಿ ಹೊತ್ತಿಗೆ ಆ ಪದ ಏನಿತ್ತು ಅನ್ನುವುದೇ ಮರೆತುಹೋಗಿರುತ್ತದೆ. ನನ್ನ ಗೆಳತಿಯರು, ನಾದಿನಿ, ಆಫೀಸಿನವರು, ಎಲ್ಲರೂ ವರ್ಷ ವರ್ಷವೂ ಇದನ್ನೇ ಹೇಳುತ್ತಾರೆ. ಇದೇ ಜನ ಇನ್ನೊಂದು ಮಾತನ್ನೂ ಹೇಳುತ್ತಾರೆ: "ಹಬ್ಬ ಬಂದರೆ ಖುಷಿಗಿಂತ ಸುಸ್ತೇ ಜಾಸ್ತಿ ಕಣೇ."

ಈ ಎರಡು ತೊಂದರೆಗಳನ್ನು ಬೇರೆ ಬೇರೆಯಾಗಿ ಸರಿಮಾಡಲು ಹೋದಾಗಲೆಲ್ಲ ನಾನೂ ಸೋತಿದ್ದೇನೆ. ಎರಡನ್ನೂ ಜೋಡಿಸಿದ ಮೇಲೆ ಸರಿಹೋಯಿತು. ಪದವನ್ನು ನೆನಪಿಸುವವರು ಯಾರೂ ಇಲ್ಲದೆ ಅದು ಮರೆತುಹೋಗುತ್ತದೆ, ಆದರೆ ಹಬ್ಬಗಳು ನಾವು ಕರೆಯದಿದ್ದರೂ ಬರುತ್ತವೆ. ಹಬ್ಬದಲ್ಲಿ ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಅಂತ ಹೇಳುವ ಒಂದು ಅಳತೆ ಇಲ್ಲದೆ ಸುಸ್ತಾಗುತ್ತದೆ, ಆ ಅಳತೆಯ ಕೆಲಸವನ್ನು ಪದ ಮಾಡುತ್ತದೆ.

ಇಲ್ಲಿ ಕ್ರಮ ಮುಖ್ಯ. ಹೆಚ್ಚಿನವರು ಮೊದಲು ಪದ ಆರಿಸಿ ಆಮೇಲೆ ಅದನ್ನು ಬದುಕಿಗೆ ಹೊಂದಿಸಲು ನೋಡುತ್ತಾರೆ. ನೀವು ಹೋದ ವರ್ಷದ ಹಬ್ಬಗಳಿಂದ ಶುರು ಮಾಡಿ. ಪದ ಅಲ್ಲಿಂದಲೇ ಸಿಗುತ್ತದೆ.

## ಮೊದಲು ಬೇಕಾದ ಸಾಮಾನು

ಒಂದು ನೋಟ್‌ಬುಕ್. ಹೊಸದು, ಚಂದದ್ದು ಬೇಡ, ಮಕ್ಕಳ ಶಾಲೆಯ ಪುಸ್ತಕದಲ್ಲಿ ಖಾಲಿ ಉಳಿದ ಹಾಳೆಗಳಾದರೂ ಆಯಿತು. ಚಂದದ ಪುಸ್ತಕದಲ್ಲಿ ಕೆಟ್ಟದಾಗಿ ಬರೆಯಲು ಕೈ ಹಿಂಜರಿಯುತ್ತದೆ, ಈ ಕೆಲಸಕ್ಕೆ ಹೊಡೆದು ಹಾಕಿ ಬರೆಯುವುದು ಬೇಕೇ ಬೇಕು.

ಪೆನ್ಸಿಲ್ ಒಂದು. ತಿಥಿ, ವಾರ, ಹಬ್ಬ ಎಲ್ಲ ಹಾಕಿರುವ ಗೋಡೆ ಕ್ಯಾಲೆಂಡರ್ ಒಂದು. ಫೋನಿನ ಕ್ಯಾಲೆಂಡರ್ ಸಾಲದು, ಯಾಕೆಂದರೆ ಅದನ್ನು ಮನೆಯವರೆಲ್ಲ ದಿನಾ ನೋಡುವುದಿಲ್ಲ. ಮನೆಯಲ್ಲಿ ಕನ್ನಡ ನಿಘಂಟು ಇದ್ದರೆ ಹತ್ತಿರ ಇಟ್ಟುಕೊಳ್ಳಿ, ಮೂರನೇ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನು ಸಮಯ. ಸಂಕ್ರಾಂತಿ ಜನವರಿ ಮಧ್ಯದಲ್ಲಿ ಬರುತ್ತದೆ, ಯುಗಾದಿ ಮಾತ್ರ ಚಾಂದ್ರಮಾನದ ಲೆಕ್ಕದಲ್ಲಿ ಹಿಂದೆ ಮುಂದೆ ಆಗುತ್ತದೆ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ, ಅಂದರೆ ನಡುವೆ ಸುಮಾರು 9 ವಾರ. 2027ರಲ್ಲಿ ಏಪ್ರಿಲ್ 7ಕ್ಕೆ, ಹತ್ತಿರ ಹತ್ತಿರ 12 ವಾರ. ಒಂದೇ ದಿನದಲ್ಲಿ ಆರಿಸುವ ಪದಕ್ಕೂ ಒಂಬತ್ತು ವಾರ ಹದಕ್ಕೆ ಬಿಟ್ಟ ಪದಕ್ಕೂ ತುಂಬ ವ್ಯತ್ಯಾಸ ಇದೆ.

ಇದನ್ನು ಓದುವಾಗ ಯುಗಾದಿ ಆಗಲೇ ಕಳೆದಿದ್ದರೆ ಮುಂದಿನ ವರ್ಷಕ್ಕೆ ಕಾಯಬೇಕಿಲ್ಲ. ಮೂರೂವರೆ ಮುಹೂರ್ತ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿ, ಮತ್ತೆ ಅರ್ಧ ಮುಹೂರ್ತವಾಗಿ ಬಲಿಪಾಡ್ಯಮಿ. ಇವುಗಳಲ್ಲಿ ಮುಂದೆ ಬರುವ ಯಾವುದನ್ನಾದರೂ ಗುರಿ ಮಾಡಿಕೊಂಡು ಇದೇ ಹಂತಗಳನ್ನು ಮಾಡಿ. ಕರಾವಳಿಯವರು ಏಪ್ರಿಲ್ ಮಧ್ಯದ ಬಿಸು ಹಬ್ಬವನ್ನೇ ಇಟ್ಟುಕೊಳ್ಳಬಹುದು, ಆ ಬೆಳಗ್ಗೆ ಎದ್ದ ಕೂಡಲೇ ನೋಡಲು ಕಣಿ ಇಡುವ ಜಾಗದಲ್ಲೇ ಪದದ ಚೀಟಿಯನ್ನೂ ಇಡಬಹುದು.

## ಹಂತ 1: ಹೋದ ವರ್ಷದ ಹಬ್ಬಗಳ ಲೆಕ್ಕ ಬರೆಯಿರಿ (ಸಂಕ್ರಾಂತಿ ವಾರ)

ಹೋದ ವರ್ಷ ನೀವು ಮಾಡಿದ ಹಬ್ಬಗಳನ್ನು ನೆನಪಿಗೆ ಬಂದ ಹಾಗೆ ಬರೆಯಿರಿ. ಒಂದೊಂದರ ಕೆಳಗೆ ಎರಡೇ ಸಾಲು: ಎಲ್ಲಿ ಸುಸ್ತಾಯಿತು, ಎಲ್ಲಿ ಖುಷಿಯಾಯಿತು. "ಚೆನ್ನಾಗಿತ್ತು", "ತುಂಬ ಕೆಲಸ" ಅಂತೆಲ್ಲ ಬರೆದರೆ ಏನೂ ತಿಳಿಯುವುದಿಲ್ಲ. ಎಷ್ಟು ಗಂಟೆಗೆ, ಯಾರು, ಏನು ಅಂತ ಬರೆಯಿರಿ.

ನನ್ನ ಪುಸ್ತಕದಿಂದ ಒಂದು ಉದಾಹರಣೆ: "ವರಮಹಾಲಕ್ಷ್ಮಿ. ಬೆಳಗ್ಗೆ 4ಕ್ಕೆ ಎದ್ದೆ. ಕಳಶಕ್ಕೆ ಸೀರೆ ಉಡಿಸಲು ಒಂದೂವರೆ ಗಂಟೆ. ಊಟ ಮಧ್ಯಾಹ್ನ 3:30ಕ್ಕೆ. ಸಂಜೆ ಅರಿಶಿನ-ಕುಂಕುಮಕ್ಕೆ ಬಂದವರಲ್ಲಿ ಒಬ್ಬರ ಜೊತೆಗೂ ಕೂತು ಮಾತಾಡಲಿಲ್ಲ. ಖುಷಿ: ಪಕ್ಕದ ಮನೆ ಅಜ್ಜಿ ತಾವಾಗಿ ಹಾಡು ಹೇಳಿದರು, ಆಗ ಐದು ನಿಮಿಷ ಗೋಡೆಗೆ ಒರಗಿ ಕೂತಿದ್ದೆ."

ಹೀಗೆ ಏಳೆಂಟು ಹಬ್ಬ ಬರೆದ ಮೇಲೆ ಎಲ್ಲವನ್ನೂ ಒಂದೇ ಸಲ ಓದಿ. ಒಂದೇ ವಿಷಯ ಮತ್ತೆ ಮತ್ತೆ ಕಾಣುತ್ತದೆ. ನನಗೆ ಕಂಡಿದ್ದು ಇದು: ಸುಸ್ತು ಇದ್ದ ಕಡೆಯಲ್ಲೆಲ್ಲ ಏನೋ ಒಂದು ಹೆಚ್ಚಾಗಿತ್ತು, ಖುಷಿ ಇದ್ದ ಕಡೆಯಲ್ಲೆಲ್ಲ ನಾನು ಕೂತಿದ್ದೆ. ನಿಮಗೆ ಬೇರೇನೋ ಕಾಣಬಹುದು. ನನ್ನ ಗೆಳತಿಯೊಬ್ಬಳಿಗೆ ಕಂಡಿದ್ದು, ಅವಳ ಎಲ್ಲ ಹಬ್ಬಗಳಲ್ಲೂ ಒಬ್ಬಳೇ ಅಡುಗೆಮನೆಯಲ್ಲಿ ಇದ್ದಳು ಅನ್ನುವುದು.

ಇಲ್ಲಿ ಆಗುವ ತಪ್ಪು ಅಂದರೆ, ಈ ಲೆಕ್ಕ ಮನೆಯವರ ಮೇಲಿನ ದೂರಿನ ಪಟ್ಟಿ ಆಗಿಬಿಡುವುದು. ದೂರು ನಿಜವೇ ಇರಬಹುದು, ಅದನ್ನು ಮಾತಾಡಿಯೇ ತೀರಿಸಬೇಕು. ಈ ಪುಸ್ತಕದಲ್ಲಿ ಮಾತ್ರ ನಿಮ್ಮ ಕೈಯಲ್ಲಿ ಆಗುವಂಥದ್ದನ್ನೇ ಹುಡುಕಿ.

## ಹಂತ 2: ಇಪ್ಪತ್ತು ಪದ ಕೂಡಿಹಾಕಿ (ಸಂಕ್ರಾಂತಿಯಿಂದ ಶಿವರಾತ್ರಿವರೆಗೆ)

ಪದಗಳನ್ನು ಇಂಟರ್ನೆಟ್ಟಿನ ಪಟ್ಟಿಯಿಂದ ತರಬೇಡಿ. ಅಲ್ಲಿ ಸಿಗುವ ಪದಗಳೆಲ್ಲ ಕೇಳಲು ದೊಡ್ಡವು, ಮನೆಯೊಳಗೆ ಬಂದರೆ ನಾಲಿಗೆಗೆ ಹತ್ತುವುದಿಲ್ಲ. ನಿಮ್ಮ ಮನೆಯಲ್ಲಿ, ಬಸ್ಸಿನಲ್ಲಿ, ತರಕಾರಿ ಗಾಡಿ ಹತ್ತಿರ ಕಿವಿಗೆ ಬೀಳುವ ಪದಗಳನ್ನು ಆರಿಸಿ. ಅಮ್ಮ ಬೈಯುವಾಗ ಹೇಳುವ ಪದಗಳು, ಅಜ್ಜ ಗಿಡಕ್ಕೆ ನೀರು ಹಾಕುವಾಗ ಹೇಳುವ ಪದಗಳು ಬಹಳ ಚೆನ್ನಾಗಿರುತ್ತವೆ. "ಸ್ವಲ್ಪ ತಾಳು." "ಹದ ನೋಡು." "ಸಾಕು ಬಿಡು."

ಸಂಕ್ರಾಂತಿ ಮುಗಿದ ಮೇಲೆ ದಿನಕ್ಕೊಂದು ಪದ ಬರೆದರೂ ಶಿವರಾತ್ರಿಗೆ ಮೂವತ್ತರ ಹತ್ತಿರ ಬರುತ್ತವೆ. ಇಪ್ಪತ್ತು ಸಾಕು. ಎಳ್ಳು-ಬೆಲ್ಲ ಕೊಡುವಾಗ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನುತ್ತೇವಲ್ಲ, ಆ ವಾರದಲ್ಲಿ ಮಾತಿನ ಕಡೆ ಗಮನ ಇಡುವುದು ಕಷ್ಟವೂ ಆಗುವುದಿಲ್ಲ.

ಈ ಹಂತದಲ್ಲಿ ಯಾವುದನ್ನೂ ತೂಗಬೇಡಿ, ಹೊಡೆಯಬೇಡಿ. ಸುಮ್ನೆ ಬರೆಯಿರಿ.

## ಹಂತ 3: ಸೋಸುವುದು (ಶಿವರಾತ್ರಿ)

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಹೆಚ್ಚಿನವರು ಎಡವುವುದೂ ಇಲ್ಲೇ. ಜಾಗರಣೆ ಮಾಡುವವರಿಗೆ ಶಿವರಾತ್ರಿಯ ರಾತ್ರಿ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮಾಡದವರು ಆ ವಾರದ ಯಾವುದಾದರೂ ಒಂದು ಸಂಜೆ ಕೂರಬಹುದು. ಇಪ್ಪತ್ತು ಪದಗಳನ್ನು ಎರಡಕ್ಕೆ ಇಳಿಸಬೇಕು.

ಕ್ರಿಯಾಪದವೋ ನೋಡಿ. "ನೆಮ್ಮದಿ", "ಸಮೃದ್ಧಿ", "ಯಶಸ್ಸು" ಇವೆಲ್ಲ ಏನೋ ಮಾಡಿದ ಮೇಲೆ ಸಿಗುವಂಥವು. ಇವತ್ತು ಸಂಜೆ ಆರು ಗಂಟೆಗೆ ನೆಮ್ಮದಿ ಮಾಡುತ್ತೇನೆ ಅನ್ನಲು ಆಗುವುದಿಲ್ಲ. "ಕೇಳು", "ಮುಗಿಸು", "ನಡೆ", "ಬಿಡು", ಇವನ್ನು ಇವತ್ತೇ ಮಾಡಬಹುದು. "ನಿಧಾನ", "ಹದ", "ಸಾಕು" ಕ್ರಿಯಾಪದದ ಹಾಗೆ ಕಾಣದಿದ್ದರೂ ಕೈಯನ್ನು ತಡೆದು ನಿಲ್ಲಿಸುತ್ತವೆ, ಅವೂ ಆಗುತ್ತವೆ.

ಮಂಗಳವಾರದ ಪರೀಕ್ಷೆ ಮಾಡಿ. ಹಬ್ಬ ಇಲ್ಲದ, ರಜೆ ಇಲ್ಲದ ಒಂದು ಮಂಗಳವಾರ ಬೆಳಗ್ಗೆ 8 ಗಂಟೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕುಕ್ಕರ್ ಕೂಗುತ್ತಿದೆ, ಮಗುವಿನ ಒಂದು ಸಾಕ್ಸ್ ಸಿಗುತ್ತಿಲ್ಲ. ಆಗ ಈ ಪದ ನಿಮಗೆ ಏನಾದರೂ ಹೇಳುತ್ತದಾ? ಹೇಳದಿದ್ದರೆ ಹೊಡೆದು ಹಾಕಿ.

ಹಿರಿಯರಿಗೆ ಹೇಳಿ ನೋಡಿ. ಮನೆಯ ಹಿರಿಯರೊಬ್ಬರಿಗೆ, ಅಥವಾ ಫೋನಿನಲ್ಲಿ ಊರಿನ ಅತ್ತೆಗೋ ಚಿಕ್ಕಮ್ಮನಿಗೋ, ಬರೀ ಪದ ಹೇಳಿ. ವಿವರಿಸಬೇಡಿ. ಅವರು ಅದರ ಮೇಲೆ ಒಂದು ಗಾದೆಯನ್ನೋ ಬೈಗುಳವನ್ನೋ ಹಳೆಯ ನೆನಪನ್ನೋ ಹೇಳಿದರೆ ಆ ಪದದಲ್ಲಿ ಜೀವ ಇದೆ. "ಹಾಗಂದ್ರೇನು?" ಅಂದರೆ ಬಿಟ್ಟುಬಿಡಿ.

ಎರಡು ಅರ್ಥ ಇದೆಯೋ ಹುಡುಕಿ. ನಿಘಂಟು ಬೇಕಾಗುವುದು ಇಲ್ಲಿ. ಒಂದೇ ಅರ್ಥದ ಪದ ಮೂರು ತಿಂಗಳಲ್ಲಿ ಸವೆದುಹೋಗುತ್ತದೆ. ಎರಡು ಮೂರು ಅರ್ಥ ಇದ್ದರೆ ಒಂದು ಕಡೆ ಬೇಸರವಾದಾಗ ಇನ್ನೊಂದು ಕಡೆಯಿಂದ ಹಿಡಿದುಕೊಳ್ಳಬಹುದು. ಕನ್ನಡದಲ್ಲಿ ಇಂಥ ಪದಗಳು ಎಷ್ಟು ಬೇಕೋ ಅಷ್ಟಿವೆ, ಬೇರೆ ಕಡೆ ಹುಡುಕಲು ಹೋಗುವುದು ನನಗಂತೂ ಬೇಜಾರಿನ ಸಂಗತಿ.

"ಸಾಕು" ನೋಡಿ. ಇನ್ನು ಬೇಡ ಅನ್ನುವುದೂ ಸಾಕು, ಹಸುವನ್ನೋ ಮಗುವನ್ನೋ ಪೋಷಿಸುವುದೂ ಸಾಕು. ನಾನು ಇದನ್ನು ಆರಿಸಿದ್ದು ಮೊದಲ ಅರ್ಥಕ್ಕೆ. ಆದರೆ ಮಳೆಗಾಲದಲ್ಲಿ ಅಪ್ಪನಿಗೆ ಹುಷಾರಿಲ್ಲದಾಗ ಎರಡನೇ ಅರ್ಥ ಮುಂದೆ ಬಂತು. ಬೇಡದ್ದನ್ನು ನಿಲ್ಲಿಸಿದ್ದರಿಂದ ನೋಡಿಕೊಳ್ಳಬೇಕಾದವರನ್ನು ನೋಡಿಕೊಳ್ಳಲು ಕೈಗೆ ಬಿಡುವು ಸಿಕ್ಕಿತು.

"ಕೇಳು" ಅಂದರೆ ಕಿವಿಗೊಡು, ಪ್ರಶ್ನೆ ಹಾಕು, ಸಹಾಯ ಬೇಡು, ಮೂರೂ ಆಗುತ್ತದೆ. ಬೇರೆಯವರ ಮಾತಿಗೆ ಕಿವಿಗೊಡುವುದು ಸುಲಭವಾದವರಿಗೂ ಸಹಾಯ ಕೇಳುವುದು ಕಷ್ಟವಾಗುತ್ತದೆ, ಹಾಗಾಗಿ ವರ್ಷಪೂರ್ತಿ ಕೆಲಸ ಇರುತ್ತದೆ. "ಹಂಚು" ಅಂದರೆ ಕೊಡುವುದು, ರೊಟ್ಟಿ ಬೇಯಿಸುವ ಹಂಚು, ಮಾಡಿನ ಮೇಲಿನ ಹಂಚು. "ಮುಗಿ" ಅಂದರೆ ಕೊನೆಯಾಗು, ಹಾಗೇ ಕೈ ಮುಗಿ. "ಕಾಯು" ಅಂದರೆ ತಾಳಿಕೊಂಡಿರು, ಕಾವಲಿರು, ಒಲೆ ಮೇಲಿನ ನೀರಿನ ಹಾಗೆ ಬಿಸಿಯಾಗು. "ಕೂಡು", "ತೆರೆ", "ನಡೆ", ಎಲ್ಲವೂ ಹೀಗೇ.

ಈ ನಾಲ್ಕು ಸೋಸುವಿಕೆ ಆದ ಮೇಲೆ ನಾಲ್ಕೈದು ಪದ ಉಳಿಯಬಹುದು. ಅವುಗಳಲ್ಲಿ ಓದಿದ ಕೂಡಲೇ ಸ್ವಲ್ಪ ಕಸಿವಿಸಿ ಆಗುವ ಎರಡನ್ನು ಇಟ್ಟುಕೊಳ್ಳಿ. ಓದಿದ ಕೂಡಲೇ "ಹೌದು, ನಾನು ಹೀಗೇ ಇದ್ದೇನೆ" ಅನ್ನಿಸುವ ಪದ ನಿಮಗೆ ಈಗಾಗಲೇ ಬರುತ್ತದೆ, ಅದಕ್ಕೆ ಒಂದು ವರ್ಷ ಕೊಡಬೇಕಿಲ್ಲ.

## ಹಂತ 4: ಎರಡನ್ನೂ ಬಳಸಿ ನೋಡಿ (ಶಿವರಾತ್ರಿಯಿಂದ ಯುಗಾದಿವರೆಗೆ)

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ. ಅಲ್ಲಿಂದ ಯುಗಾದಿಗೆ ಸರಿಸುಮಾರು ಒಂದು ತಿಂಗಳು. ಮೊದಲ ಹದಿನೈದು ದಿನ ಒಂದು ಪದ, ಮುಂದಿನ ಹದಿನೈದು ದಿನ ಇನ್ನೊಂದು. ದಿನಾ ರಾತ್ರಿ ಒಂದು ಸಾಲು: ಇವತ್ತು ಈ ಪದದಿಂದ ಏನು ಮಾಡಿದೆ, ಅಥವಾ ಏನು ಮಾಡದೆ ಬಿಟ್ಟೆ.

ಯಾವ ಪದಕ್ಕೆ ಹೆಚ್ಚು ಸಾಲುಗಳಿವೆಯೋ ಅದೇ ಗೆದ್ದಿತು ಅಂದುಕೊಳ್ಳಬೇಡಿ. ಯಾವುದರ ಸಾಲುಗಳಲ್ಲಿ ಬೇರೆ ಬೇರೆ ಜಾಗ, ಬೇರೆ ಬೇರೆ ಜನ ಬಂದಿದ್ದಾರೆ ನೋಡಿ. ಹದಿನೈದು ದಿನವೂ ಆಫೀಸಿನ ವಿಷಯವೇ ಬಂದಿದ್ದರೆ ಆ ಪದ ಆಫೀಸಿಗಷ್ಟೇ ಸೇರಿದ್ದು, ಹಬ್ಬಕ್ಕೆ ಬರುವುದಿಲ್ಲ.

ಎರಡೂ ಸರಿಹೋಗದಿದ್ದರೆ ಹಿಂದೆ ಹೋಗಿ ಉಳಿದ ಪದಗಳಿಂದ ಇನ್ನೊಂದನ್ನು ತೆಗೆದುಕೊಳ್ಳಿ. ಗಾಬರಿ ಬೇಡ.

## ಹಂತ 5: ಯುಗಾದಿ ದಿನ ಪದವನ್ನು ಇಡುವುದು

ಎಣ್ಣೆ ಸ್ನಾನ, ಮಾವು-ಬೇವಿನ ತೋರಣ, ಪೂಜೆ, ಬೇವು-ಬೆಲ್ಲ. ಇಷ್ಟಾದ ಮೇಲೆ, ಒಬ್ಬಟ್ಟಿಗೆ ಕೂರುವ ಮೊದಲು, ಪದ ಬರೆಯಿರಿ. ಬೇವಿನ ಕಹಿ ನಾಲಿಗೆಯಲ್ಲಿ ಇನ್ನೂ ಇರುವಾಗ ಬರೆಯುವುದು ನನಗೆ ಇಷ್ಟ. ಅಡುಗೆ ಅರ್ಧ ಆಗಿರುವಾಗ, ಒಂದು ಕೈ ಒಬ್ಬಟ್ಟಿನ ಕನಕದ ಹಿಟ್ಟಿನಲ್ಲಿ ಇರುವಾಗ ಬರೆಯಲು ಹೋಗಬೇಡಿ, ಆ ಕೆಲಸ ನಾಳೆಗೆ ಅಂತ ತಳ್ಳಿಹೋಗುತ್ತದೆ. ನಾಳೆ ಅಂದರೆ ವರ್ಷತೊಡಕು, ಹಳೇ ಮೈಸೂರು ಕಡೆಯವರಿಗೆ ಆ ದಿನ ಬಾಡೂಟದ ಮಧ್ಯೆ ಬಿಡುವಿರುವುದಿಲ್ಲ.

ಚೀಟಿ ಎಲ್ಲಿ ಅಂಟಿಸಬೇಕು? ದೇವರ ಮನೆಯಲ್ಲಿ ಇಟ್ಟರೆ ಅದೂ ಪೂಜೆಯ ಸಾಮಾನಾಗಿ ಹೋಗುತ್ತದೆ, ಯಾರೂ ಓದುವುದಿಲ್ಲ. ಗೋಡೆ ಕ್ಯಾಲೆಂಡರಿನ ಮೇಲ್ತುದಿಯಲ್ಲಿ ಬರೆಯಿರಿ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಬರೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಕ್ಯಾಲೆಂಡರ್ ಡಿಸೆಂಬರಿಗೆ ಮುಗಿಯುತ್ತದೆ, ಯುಗಾದಿ ವರ್ಷ ಮುಗಿಯುವುದಿಲ್ಲ. ಹಾಗಾಗಿ ಜನವರಿಯಲ್ಲಿ ಹೊಸ ಕ್ಯಾಲೆಂಡರಿನ ಮೇಲೆ ಅದೇ ಪದವನ್ನು ಮತ್ತೆ ಬರೆಯಬೇಕು. ಇದನ್ನು ಮರೆಯುವವರು ಬಹಳ.

ಸಂಜೆ ಪಂಚಾಂಗ ಶ್ರವಣ ಕೇಳುವ ರೂಢಿ ಇದ್ದರೆ ಸಂವತ್ಸರದ ಹೆಸರನ್ನು ಪದದ ಪಕ್ಕದಲ್ಲಿ ಬರೆದುಕೊಳ್ಳಿ. 2026ರ ಯುಗಾದಿಗೆ ಶುರುವಾಗುವುದು ಪರಾಭವ ಸಂವತ್ಸರ. ಪರಾಭವ ಅಂದರೆ ಸೋಲು, ಹೆಸರೇ ಹೀಗಿದೆಯಲ್ಲ ಅಂತ ಕೆಲವರು ಹೆದರಿ ಕೇಳಿದ್ದಾರೆ. ಅರವತ್ತು ಹೆಸರುಗಳು ಸುತ್ತು ಬರುತ್ತವೆ, 1966ರಲ್ಲೂ ಇದೇ ಹೆಸರು ಬಂದಿತ್ತು, ಆ ವರ್ಷ ಹುಟ್ಟಿದವರು ಈಗ ಅರವತ್ತು ತುಂಬಿಸಿಕೊಂಡು ಶಾಂತಿ ಮಾಡಿಸಿಕೊಳ್ಳುತ್ತಿದ್ದಾರೆ. ಸಂವತ್ಸರದ ಹೆಸರು ಎಲ್ಲರಿಗೂ ಒಂದೇ, ನಿಮ್ಮ ಪದ ನಿಮ್ಮದು.

ಇನ್ನೊಂದು ಗಮನಿಸಿ. ಪರಾಭವ ಸಂವತ್ಸರದಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ. ಹದಿಮೂರು ತಿಂಗಳು, ಮುಂದಿನ ಯುಗಾದಿಗೆ 384 ದಿನ. ಪದ ಸ್ವಲ್ಪ ಗಟ್ಟಿಯಾದದ್ದೇ ಬೇಕು.

## ಹಂತ 6: ಐದು ಹಬ್ಬ ಗುರುತು ಮಾಡಿ, ಒಂದೊಂದಕ್ಕೆ ಒಂದೇ ಕೆಲಸ

ಕ್ಯಾಲೆಂಡರಿನಲ್ಲಿ ಇರುವ ಹಬ್ಬಗಳಿಗೆಲ್ಲ ಪದ ಅಂಟಿಸಲು ಹೋದರೆ ಆಷಾಢದೊಳಗೆ ಸಾಕಾಗಿಹೋಗುತ್ತದೆ. ಐದೇ ಹಬ್ಬ ಆರಿಸಿ, ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ವರ್ಷದ ಉದ್ದಕ್ಕೂ ಹರಡಿರುವಂತೆ ನೋಡಿಕೊಳ್ಳಿ, ಐದೂ ಶ್ರಾವಣ-ಭಾದ್ರಪದದಲ್ಲೇ ಬಿದ್ದರೆ ಉಳಿದ ತಿಂಗಳು ಬರಿದಾಗುತ್ತವೆ.

ಪ್ರತಿ ಹಬ್ಬದ ಪಕ್ಕ ಪದದಿಂದ ಹುಟ್ಟುವ ಒಂದೇ ಒಂದು ಕೆಲಸ ಬರೆಯಿರಿ. "ಸಾಕು" ಪದದ ವರ್ಷ ನಾನು ಬರೆದದ್ದು: ವರಮಹಾಲಕ್ಷ್ಮಿಗೆ ಒಂದು ಸಿಹಿ, ಒಂದು ಕೋಸಂಬರಿ, ಸಂಜೆ ಬಂದವರ ಜೊತೆ ಕೂತು ಮಾತು. ನವರಾತ್ರಿಗೆ ಒಂಬತ್ತು ಮೆಟ್ಟಿಲ ಬದಲು ಐದು ಮೆಟ್ಟಿಲ ಬೊಂಬೆ, ಉಳಿದ ಬೊಂಬೆ ಪೆಟ್ಟಿಗೆಯಲ್ಲೇ. ಪೆಟ್ಟಿಗೆಯಲ್ಲಿ ಉಳಿದ ಬೊಂಬೆಗಳ ಬಗ್ಗೆ ಮೊದಲ ದಿನ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಮೂರನೇ ದಿನ ಪಕ್ಕದ ಬೀದಿಯ ಮಕ್ಕಳು ಬಂದು ಮೆಟ್ಟಿಲ ಮುಂದೆ ಖಾಲಿ ಇದ್ದ ಜಾಗದಲ್ಲಿ ಕೂತು ಒಂದು ಗಂಟೆ ಆಡಿದರು. ಹಿಂದೆ ಯಾವ ವರ್ಷವೂ ಅವರಿಗೆ ಕೂರಲು ಅಲ್ಲಿ ಜಾಗವೇ ಇರಲಿಲ್ಲ.

"ಮುಗಿ" ಅನ್ನುವ ಪದ ಇಟ್ಟುಕೊಂಡವರಿಗೆ ವಿಜಯದಶಮಿಗಿಂತ ಒಳ್ಳೆಯ ದಿನ ಇಲ್ಲ. ಉತ್ತರ ಕರ್ನಾಟಕದ ಕಡೆ "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ಮನೆಮನೆಗೆ ಹೋಗಿ ಬನ್ನಿ ಕೊಡುತ್ತಾರಲ್ಲ. ಮಾತು ಬಿಟ್ಟ ಒಬ್ಬರ ಮನೆಗೆ ಆ ದಿನ ಹೋಗಿ. ಬೇರೆ ದಿನ ಹೋದರೆ ಯಾಕೆ ಬಂದೆ ಅಂತ ವಿವರಿಸಬೇಕು, ಬನ್ನಿ ಹಿಡಿದುಕೊಂಡು ಹೋದರೆ ವಿವರಣೆಯೇ ಬೇಡ. ದೊಡ್ಡವರ ಕಾಲಿಗೆ ನಮಸ್ಕಾರ ಮಾಡುವಾಗ ಆ ಪದದ ಇನ್ನೊಂದು ಅರ್ಥವೂ ಬಂತು.

"ಹಂಚು" ಪದದವರಿಗೆ ಕಲಬುರಗಿ, ಬೀದರ್, ವಿಜಯಪುರ ಕಡೆಯ ಎಳ್ಳು ಅಮಾವಾಸ್ಯೆ ಇದೆ. ಹೊಲಕ್ಕೆ ಹೋಗಿ, ಚರಗ ಚೆಲ್ಲಿ (ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಅಂತ ಹೊಲದಲ್ಲಿ ಎರಚಿ), ಎಲ್ಲರೂ ಅಲ್ಲೇ ಕೂತು ಉಣ್ಣುವ ದಿನ. ಹೊಲ ಇಲ್ಲದ ಒಂದು ಮನೆಯವರನ್ನು ಜೊತೆಗೆ ಕರೆಯುವುದು ಆ ದಿನದ ಕೆಲಸ ಆಗಬಹುದು. "ಕಾಯು" ಪದದವರು ಮಲೆನಾಡಿನಲ್ಲಿದ್ದರೆ ಬೆಳೆ ನಿಂತ ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಗೆ ಸುತ್ತು ಹಾಕಿ, ಕೊಡಗಿನಲ್ಲಿದ್ದರೆ ಹೊಸ ಭತ್ತದ ಕದಿರು ಮನೆಗೆ ತರುವ ಪುತ್ತರಿಗೆ. ಬೆಳೆಗಾಗಿ ಕಾದವರಿಗೆ ಆ ಪದ ಯಾರೂ ಹೇಳಿಕೊಡಬೇಕಿಲ್ಲ.

ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ಕನ್ನಡ ಕೂಟದವರು ಹಬ್ಬವನ್ನು ಅನುಕೂಲವಾದ ಶನಿವಾರಕ್ಕೆ ಇಡುತ್ತಾರೆ, ಅದು ಸರಿ, ಹೋಗಿ ಬನ್ನಿ. ಪದದ ಕೆಲಸವನ್ನು ಮಾತ್ರ ತಿಥಿಯ ದಿನವೇ ಮಾಡಿ, ಕೆಲಸದ ದಿನವಾದರೂ ಹತ್ತು ನಿಮಿಷ. ಎರಡನ್ನೂ ಶನಿವಾರಕ್ಕೆ ಸೇರಿಸಿದರೆ ಕಾರ್ಯಕ್ರಮದ ಗದ್ದಲದಲ್ಲಿ ಪದ ಕಳೆದುಹೋಗುತ್ತದೆ.

## ಹಂತ 7: ಹಬ್ಬದ ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಜೋಡಿಸಿ

ಹಬ್ಬದ ದಿನ ಖುಷಿಯಾಗಿ ಇರಬೇಕೆಂದರೆ ಹಬ್ಬದ ದಿನದ ಕೆಲಸ ಕಡಿಮೆ ಇರಬೇಕು, ಅಷ್ಟೇ. ಊಟಕ್ಕೆ ಕೂರುವ ಹೊತ್ತನ್ನು ಮೊದಲು ಬರೆಯಿರಿ, ಉದಾಹರಣೆಗೆ ಮಧ್ಯಾಹ್ನ 12:30. ಅಲ್ಲಿಂದ ಹಿಂದಕ್ಕೆ ಎಣಿಸಿ.

ಯುಗಾದಿ ಒಬ್ಬಟ್ಟನ್ನೇ ತೆಗೆದುಕೊಳ್ಳಿ. ಹಿಂದಿನ ದಿನವೇ ಬೇಳೆ ಬೇಯಿಸಿ, ಕಟ್ಟು ಬಸಿದು, ಹೂರಣ ರುಬ್ಬಿ ಫ್ರಿಜ್ಜಿನಲ್ಲಿ ಇಡಬಹುದು. ಕಟ್ಟನ್ನೂ ತೆಗೆದಿಡಿ, ಒಬ್ಬಟ್ಟಿನ ಸಾರಿಗೆ ಬೇಕು. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಿ ಗಂಜಿಯಾಗಬಾರದು. ಗಂಜಿಯಾದರೆ ಹೂರಣ ನೀರಾಗಿ, ಲಟ್ಟಿಸುವಾಗ ಹರಿದು, ಅರ್ಧ ಬೆಳಗ್ಗೆ ಅಲ್ಲೇ ಹೋಗುತ್ತದೆ. ಕನಕ ಮಾತ್ರ ಬೆಳಗ್ಗೆ ಎದ್ದ ಕೂಡಲೇ ಕಲಸಿ, ಎಣ್ಣೆಯಲ್ಲಿ ಎರಡು ಗಂಟೆಯಾದರೂ ನೆನೆಯಲಿ. ಅಷ್ಟರಲ್ಲಿ ಸ್ನಾನ, ತೋರಣ, ಪೂಜೆ ಮುಗಿಯುತ್ತದೆ.

ಸಂಕ್ರಾಂತಿ ಎಳ್ಳು-ಬೆಲ್ಲಕ್ಕೆ ಇನ್ನೂ ಮುಂಚೆ ಕೂರಬೇಕು. ಹತ್ತು ದಿನ ಮೊದಲು ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ಬಿಸಿಲಲ್ಲಿ ಒಣಗಿಸಿ. ಅಚ್ಚು ಬೆಲ್ಲ ಹೆಚ್ಚಿ ಅದನ್ನೂ ಒಣಗಿಸಿ. ಕಡಲೆಬೀಜ ಹುರಿದು ಸಿಪ್ಪೆ ತೆಗೆದು ಬೇಳೆ ಮಾಡಿ, ಎಳ್ಳು ಚಟಪಟ ಅನ್ನುವವರೆಗೆ ಹುರಿಯಿರಿ, ಹುರಿಗಡಲೆ ಹಾಗೇ. ಎಲ್ಲ ಪೂರ್ತಿ ಆರಿದ ಮೇಲೆ ಬೆರೆಸಿ. ಬಿಸಿ ಇರುವಾಗ ಬೆರೆಸಿದರೆ ಬೆಲ್ಲ ಬೆವರಿ ಎಲ್ಲ ಅಂಟಿಕೊಳ್ಳುತ್ತದೆ. ಈ ಕೆಲಸವನ್ನು ಒಬ್ಬರೇ ರಾತ್ರಿ ಕೂತು ಮಾಡಬೇಡಿ. ಕೊಬ್ಬರಿ ಹೆಚ್ಚಲು ಮನೆಯವರೆಲ್ಲ ಕೂರುವ ಎರಡು ಸಂಜೆಗಳೇ ನನಗೆ ಹಬ್ಬಕ್ಕಿಂತ ಹೆಚ್ಚು, ಹೋದ ವರ್ಷದ ಲೆಕ್ಕ ಬರೆಯಲೂ ಅದೇ ಹೊತ್ತು.

ಕೆಲಸ ಹಂಚುವಾಗ "ಸ್ವಲ್ಪ ಸಹಾಯ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. "ತೋರಣ ನಿಮ್ಮದು, 7 ಗಂಟೆಯೊಳಗೆ" ಅಂತ ಹೆಸರು ಹಿಡಿದು ಹೇಳಿ. ಕಟ್ಟಿದ ತೋರಣ ವಾರೆಯಾಗಿದ್ದರೆ ಹಾಗೇ ಬಿಡಿ. ಸರಿಮಾಡಲು ಹೋದರೆ ಮುಂದಿನ ವರ್ಷ ಅವರು ಏಣಿ ಹತ್ತುವುದಿಲ್ಲ.

## ಮತ್ತೆ ಮತ್ತೆ ಆಗುವ ತಪ್ಪುಗಳು

ಪದದ ಜಾಗದಲ್ಲಿ ಗುರಿ ಇಡುವುದು ಮೊದಲನೆಯದು. "ಐದು ಕೆಜಿ ಇಳಿಸು" ಪದ ಅಲ್ಲ. ಅದಕ್ಕೆ ಬೇರೆ ಹಾಳೆ ಇದೆ.

ಮನೆಯವರೆಲ್ಲರಿಗೂ ಒಂದೇ ಪದ ಹೇರುವುದು ಇನ್ನೊಂದು. ಮಕ್ಕಳಿಗೆ ಬೇಕೆನಿಸಿದರೆ ಅವರದ್ದೇ ಆರಿಸಲಿ. ಒಂದು ವರ್ಷ ನನ್ನ ತಂಗಿಯ ಮಗ "ಉಂಡೆ" ಅಂತ ಆರಿಸಿದ. ನಾಗರಪಂಚಮಿಯ ತಂಬಿಟ್ಟಿನಿಂದ ಗಣೇಶನ ಹಬ್ಬದ ಎಳ್ಳುಂಡೆವರೆಗೆ ಎಲ್ಲ ಕಟ್ಟಲು ಕಲಿತ. ನಮ್ಮ ಯಾರ ಪದಕ್ಕೂ ಅಷ್ಟು ಕೆಲಸ ಸಿಕ್ಕಿರಲಿಲ್ಲ.

ಯುಗಾದಿಯ ದಿನವೇ ಊರಿಗೆಲ್ಲ ಹೇಳಿಬಿಡುವುದು ಮೂರನೆಯದು. ಒಬ್ಬರಿಗೆ ಹೇಳಿ, ದೀಪಾವಳಿಗೆ "ಆ ಪದ ಏನಾಯಿತು?" ಅಂತ ಕೇಳುವಂಥವರಿಗೆ.

## ಎಚ್ಚರಿಕೆ: ಈ ಲಕ್ಷಣ ಕಂಡರೆ ನಿಲ್ಲಿಸಿ

ಪದವನ್ನು ಇನ್ನೊಬ್ಬರ ಮೇಲೆ ಎಸೆಯಲು ಶುರು ಮಾಡಿದ್ದೀರಾ? "ಶಿಸ್ತು" ನಾನು ಮೊದಲು ಆರಿಸಿದ ಪದ. ನಲವತ್ತು ದಿನದಲ್ಲಿ ಅದು ಮಕ್ಕಳನ್ನು ಗದರಿಸುವ ಕೋಲಾಗಿತ್ತು. ಆ ದಿನವೇ ಕ್ಯಾಲೆಂಡರಿನಿಂದ ಅಳಿಸಿದೆ, ಈಗಲೂ ಅದು ಸರಿ ಅನ್ನಿಸುತ್ತದೆ.

ಪದದ ಹೆಸರಿನಲ್ಲಿ ದುಡ್ಡು ಖರ್ಚಾಗುತ್ತಿದೆಯಾ? ಹಬ್ಬಕ್ಕೆ ಕೈಸಾಲ, ಕಂತಿನ ಮೇಲೆ ಬಂಗಾರ, ಕಳಶಕ್ಕೆ ಪ್ರತಿ ವರ್ಷ ಹೊಸ ಬೆಳ್ಳಿ ಮುಖವಾಡ, ಇವುಗಳಿಗೆ ಪದ ಕಾರಣ ಕೊಡಲು ಶುರು ಮಾಡಿದರೆ ಹಂತ 1ಕ್ಕೆ ಹಿಂತಿರುಗಿ.

ಹಬ್ಬದ ದಿನ ಫೋಟೊ ತೆಗೆದ ನೆನಪಿದೆ, ತಿಂದ ರುಚಿ ನೆನಪಿಲ್ಲ ಅಂತಾದರೆ ಅದೂ ಒಂದು ಲಕ್ಷಣ. ಮುಂದಿನ ಹಬ್ಬಕ್ಕೆ ಊಟ ಮುಗಿಯುವವರೆಗೆ ಫೋನನ್ನು ಬೇರೆ ಕೋಣೆಯಲ್ಲಿಡಿ.

ಇನ್ನು, ಮನೆಯಲ್ಲಿ ಸಾವಾಗಿ ಆ ವರ್ಷ ಹಬ್ಬ ಇಲ್ಲ ಅನ್ನುವವರು ಇರುತ್ತಾರೆ. ಅವರು ಕೇಳುತ್ತಾರೆ, ನಾವೇನು ಮಾಡಬೇಕು ಅಂತ. ತೋರಣ, ಸಿಹಿ ಯಾವುದೂ ಬೇಡ. ಪದ ಇರಲಿ, ಸುತ್ತು ಹಾಕಿದ ದಿನಗಳೂ ಇರಲಿ. ಆ ದಿನ ಹೋದವರ ಬಗ್ಗೆ ಒಂದು ಸಾಲು ಬರೆಯಿರಿ, ಅವರು ಈ ಹಬ್ಬದಲ್ಲಿ ಏನು ಮಾಡುತ್ತಿದ್ದರು ಅಂತ. ಅಮ್ಮ ತೀರಿಕೊಂಡ ವರ್ಷ ನಾನು ಹಾಗೆ ಬರೆದ ಸಾಲುಗಳಲ್ಲೇ ಅವರ ಮಾವಿನಕಾಯಿ ಚಿತ್ರಾನ್ನದ ಅಳತೆ ಉಳಿದಿದೆ. ಅಕ್ಕಪಕ್ಕದವರಿಗೂ ಒಂದು ಮಾತು: ಅಂಥ ಮನೆಗೆ ಹಬ್ಬದ ದಿನ ಒಂದು ಡಬ್ಬಿ ಊಟ ಕೊಟ್ಟು ಬನ್ನಿ.

## ಹಂತ 8: ನಡುವೆ ಒಂದು ಸಲ, ಕೊನೆಗೆ ಒಂದು ಸಲ

ಮಧ್ಯದ ತಪಾಸಣೆಗೆ ಆಷಾಢ ಒಳ್ಳೆಯದು, ಮದುವೆ-ಮುಂಜಿ ಇರುವುದಿಲ್ಲ. 2026ರಲ್ಲಾದರೆ ಅಧಿಕ ಜ್ಯೇಷ್ಠವೇ ಇದೆ, ಮೇ 17ರಿಂದ ಜೂನ್ 15ರವರೆಗೆ, ಪೂರ್ತಿ ಒಂದು ತಿಂಗಳು ದೊಡ್ಡ ಹಬ್ಬವಿಲ್ಲ. ಪುಸ್ತಕ ತೆಗೆದು ಓದಿ. ಪದ ಇನ್ನೂ ಕೆಲಸ ಮಾಡುತ್ತಿದ್ದರೆ ಮುಂದುವರಿಸಿ. ಸತ್ತಿದ್ದರೆ ಹಂತ 3ರಲ್ಲಿ ಉಳಿದಿದ್ದ ಎರಡನೇ ಪದಕ್ಕೆ ಬದಲಾಯಿಸಿ. ಒಂದೇ ಸಲ ಬದಲಾಯಿಸಿ, ಮತ್ತೆ ಮತ್ತೆ ಬೇಡ.

ಕೊನೆಯ ತಪಾಸಣೆ ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆಯಂದು. ಬೇಳೆ ಒಲೆಯ ಮೇಲೆ ಇರುವಾಗ ಅಡುಗೆಮನೆಯಲ್ಲೇ ಪುಸ್ತಕ ತೆರೆದು ಐದು ಹಬ್ಬದ ಸಾಲುಗಳನ್ನು ಓದಿ, ಯಾರಾದರೂ ಹತ್ತಿರ ಇದ್ದರೆ ಜೋರಾಗಿ ಓದಿ. ಕೊನೆಯ ಹಾಳೆಯಲ್ಲಿ ಪದ, ಸಂವತ್ಸರದ ಹೆಸರು, ತಾರೀಕು ಬರೆದು, ಒಂದು ಗೆರೆ ಎಳೆಯಿರಿ. ಕ್ಯಾಲೆಂಡರಿನ ಮೇಲಿನ ಪದವನ್ನು ರಬ್ಬರಿನಿಂದ ಅಳಿಸಿ. ಅಷ್ಟರಲ್ಲಿ ಬೇಳೆ ಬೆಂದಿರುತ್ತದೆ, ಬೆರಳಲ್ಲಿ ಒತ್ತಿ ನೋಡಿ.